ಎರಡನೇ ಡಿಕಾಕ್ಷನ್

ಗೌನಿಪಲ್ಲಿ
20 ಜನವರಿ 2025

ಬಂಗಾರದಂಥ ಮೌನಿಕಾಗೆ,

ನಿನ್ನ ತಾಯಿಯ ಅಣ್ಣ, ಗಂಗುಲಪ್ಪ ಮಾಮ ಬರೆಯುತ್ತಿದ್ದೇನೆ. ಈ ಕಾಲದಲ್ಲಿ ಬೇರೆ ಯಾರು ಕಾಗದ ಬರೆದಾರು? ನಮ್ಮ ಪೋಸ್ಟ್‌ಮ್ಯಾನ್ ಆಂಜಿ ನನ್ನನ್ನು ಕಂಡಾಗಲೆಲ್ಲ, ‘ಯಜಮಾನ್ರೇ, ನೀವೊಬ್ರು ಇಲ್ದಿದ್ರೆ ಗೌನಿಪಲ್ಲಿ ಪೋಸ್ಟ್ ಡಬ್ಬದಲ್ಲಿ ಹಲ್ಲಿ ಮೊಟ್ಟೆ ಇಡ್ತಿತ್ತು’ ಅನ್ನುತ್ತಾನೆ. ಫೋನು ನನಗೂ ಇದೆ. ಆದರೆ ಫೋನಿನಲ್ಲಿ ನನ್ನ ಮಾತಿಗೆ ರುಚಿ ಹತ್ತುವ ಹೊತ್ತಿಗೆ ಸರಿಯಾಗಿ ನೀನು ‘ಮಾಮ, ಮಗು ಅಳ್ತಿದೆ, ಇಡ್ತೀನಿ’ ಅನ್ನುತ್ತೀಯ. ಕಾಗದವನ್ನು ಹಾಗೆ ಅರ್ಧಕ್ಕೆ ಕಟ್ ಮಾಡಲಾಗದು.

ವಿಷಯಕ್ಕೆ ಬರುತ್ತೇನೆ. ಕಾರ್ತಿಕದಲ್ಲಿ ನಿನ್ನ ಮಾಲೂರು ಮನೆಯ ಗೃಹಪ್ರವೇಶಕ್ಕೆ ಬಂದಾಗ ನಿನಗೆ ಸೀರೆ, ಅಳಿಯ ಉಮೇಶನಿಗೆ ಪಂಚೆ, ಹಿತ್ತಾಳೆ ಹರಿವಾಣ ಎಲ್ಲ ತಂದೆ. ನೀನು ಗೇಟಿನ ಹತ್ತಿರ ನನ್ನ ತೋಳು ಹಿಡಿದು, ‘ಇದೆಲ್ಲ ಬೇಡ ಮಾಮ, ಅಜ್ಜಿ ಕಾಫಿ ಮಿಷನ್ ಕೊಡು’ ಎಂದೆ. ಆಗ ನಾನು ನಕ್ಕು ಬಸ್ಸು ಹತ್ತಿದೆ. ಆಮೇಲೆ ಕೂತು ಯೋಚಿಸಿದೆ. ಬೀಜ ಅರೆಯುವ ಆ ಮಿಷನ್ ಹಳೇ ಕಬ್ಬಿಣ, ಎತ್ತಿದರೆ ಎಮ್ಮೆಕರುವಿನ ತೂಕ. ಹಲಗೆಗೆ ತಿರುಪು ಹಾಕಿ ಬಿಗಿಯಬೇಕು. ನಿನ್ನ ಗ್ರಾನೈಟ್ ಕಟ್ಟೆಗೆ ಬಿಗಿದರೆ ಕಲ್ಲು ಬಿರಿಯುತ್ತದೆ. ಬೇಡ. ಹೊಸದು ಕೊಡಿಸುತ್ತೇನೆ. ಕೈಯಲ್ಲೇ ತಿರುಗಿಸುವಂಥದ್ದು, ಲೋಕದಲ್ಲಿ ಇರುವುದರಲ್ಲೆಲ್ಲ ಭಾರಿಯದು. ಯಾವುದು ಬೇಕೆಂದು ನೀನು ಹೇಳು. ಆರಿಸುವವನು ಮಾತ್ರ ನಾನು. ಕಾಫಿ ವಿಷಯದಲ್ಲಿ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನನ್ನ ಮುಂದೆ ಬಾಯಿ ತೆರೆಯುವವರು ಯಾರಿದ್ದಾರೆ? ಮಾವಿನ ತೋಪು ನೋಡಲು ಬಂದ ಸಾಹೇಬರೊಬ್ಬರು ತೋಪನ್ನೇ ಮರೆತು ನಮ್ಮ ಜಗಲಿಯಲ್ಲಿ ಕಾಫಿ ಹೊಗಳುತ್ತ ಕೂತಿದ್ದು ಊರಿಗೇ ಗೊತ್ತು.

ನೀನು ಚಿಕ್ಕವಳಿದ್ದಾಗ ರಜಕ್ಕೆ ಬಂದರೆ ನಾನು ಏನು ಮಾಡುತ್ತಿದ್ದೆ ಹೇಳು? ಫಿಲ್ಟರಿನಿಂದ ಮೊದಲು ಇಳಿದ ಡಿಕಾಕ್ಷನ್ ಮನೆಯ ಹಿರಿಯರಿಗೆ, ಬಂದ ನೆಂಟರಿಗೆ. ಅದರಲ್ಲೇ ಎರಡು ಚಮಚ ಕದ್ದು ನಿನ್ನ ಹಾಲಿಗೆ ಬೆರೆಸುತ್ತಿದ್ದೆ. ನಿಮ್ಮಜ್ಜಿ ಕೈಲಿ ನನಗೆ ಬೈಗುಳ. ಅದೇ ಪುಡಿಗೆ ಮತ್ತೆ ನೀರು ಹಾಕಿ ಇಳಿಸಿದ ಎರಡನೇ ಡಿಕಾಕ್ಷನ್ ಮಾವು ಕೀಳಲು ಬಂದ ಕೂಲಿಯವರಿಗೆ. ಅವರು ಮರದ ಕೆಳಗೆ ಕೂತು ಕುಡಿದು, ಲೋಟ ತಾವೇ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿ ಹೋಗುತ್ತಿದ್ದರು. ನೀನೂ ಹಾಗೆ ಬೋರಲು ಹಾಕಲು ಹೋದರೆ ನಾನು ಕೈ ಹಿಡಿದು, ‘ಏಯ್, ನೀನು ಮೊದಲನೇ ಡಿಕಾಕ್ಷನ್ ಹುಡುಗಿ ಕಣೇ, ಲೋಟ ಅಲ್ಲೇ ಇಡು’ ಅನ್ನುತ್ತಿದ್ದೆ. ನೆನಪಿದೆಯಾ?

ಇದನ್ನು ಬರೆಯುವಾಗಲೂ ಒಳಗೆ ನಮ್ಮ ಮನೆಯವಳು, ನಿನ್ನ ಅತ್ತೆ, ನಮ್ಮಮ್ಮನ ಮಿಷನ್ ತಿರುಗಿಸುತ್ತಿದ್ದಾಳೆ. ಕರಕರ ಸದ್ದು ಈ ಕಾಗದದ ತನಕ ಬರುತ್ತಿದೆ.

ನಿನ್ನ ಮಾಮ,
ಗಂಗುಲಪ್ಪ

—

ಮಾಲೂರು
2 ಫೆಬ್ರವರಿ 2025

ಪ್ರೀತಿಯ ಮಾಮ,

ಕಾಗದ ಬಂತು. ಎರಡು ಸಲ ಓದಿದೆ, ಮಗು ಅತ್ತರೂ ಇಡಲಿಲ್ಲ. ಸಮಾಧಾನವಾಯಿತಾ?

ಅಜ್ಜಿಯ ಮಿಷನ್ ಕೊಡುವುದಿಲ್ಲ ಎಂಬ ಸಾಲನ್ನು ಮಾತ್ರ ಮೂರನೇ ಸಲವೂ ಓದಿದೆ. ನನಗೆ ಅದರ ಪುಡಿಗಿಂತ ಅದರ ಹಿಡಿ ಬೇಕಿತ್ತು. ಅಮ್ಮ ಅದನ್ನು ತಿರುಗಿಸುವಾಗ ನನ್ನ ಕೈ ಕೆಳಗೆ, ಅವಳ ಕೈ ಮೇಲೆ. ಅಮ್ಮ ಹೋದ ಮೇಲೆ ಅವಳ ಕೈ ತಾಗಿದ್ದ ವಸ್ತು ಎಂದರೆ ನನಗೆ ಮೊದಲು ನೆನಪಾಗುವುದು ಅದೇ. ಇರಲಿ. ನಿನ್ನ ಮನೆಯಲ್ಲಿ ತಿರುಗುತ್ತಿದೆಯಲ್ಲ, ಅಷ್ಟು ಸಾಕು. ನನ್ನ ತವರು ಈಗ ನೀನೇ. ತವರಿನಲ್ಲಿದ್ದರೆ ನನ್ನ ಹತ್ತಿರ ಇದ್ದ ಹಾಗೆಯೇ.

ಹೊಸದರ ವಿಷಯ. ನಾನು ಡೇರಿಯಲ್ಲಿ ದಿನವಿಡೀ ಹಾಲು ಪರೀಕ್ಷೆ ಮಾಡುವವಳು. ಮನೆಗೆ ಬರುವ ಹೊತ್ತಿಗೆ ಮೂಗಿನಲ್ಲಿ, ಸೆರಗಿನಲ್ಲಿ ಹಾಲಿನ ವಾಸನೆಯೇ. ಅದಕ್ಕೆ ಈಗ ಹಾಲು ಹಾಕದ ಕಾಫಿ ಕುಡಿಯಲು ಕಲಿತಿದ್ದೇನೆ. ಜೊತೆಯಲ್ಲಿ ಕೆಲಸ ಮಾಡುವ ನಿಶಾತ್ ಕಲಿಸಿದ್ದು. ಹಾಲಿಲ್ಲದ ಕಾಫಿಯಲ್ಲಿ ಪುಡಿಯ ತಪ್ಪು ಅಡಗುವುದಿಲ್ಲ ಮಾಮ. ಒಂದಷ್ಟು ಹಿಟ್ಟಾಗಿ, ಒಂದಷ್ಟು ತರಿಯಾಗಿ ಬಿದ್ದರೆ ಕಹಿಯೂ ಹುಳಿಯೂ ಒಟ್ಟಿಗೆ ನಾಲಿಗೆಗೆ ಬರುತ್ತವೆ.

ಹೊರಗಿನ ಅಂದ ನೋಡಬೇಡ. ಒಳಗೆ ಬೀಜ ಅರೆಯುವ ಹಲ್ಲುಗಳಿಗೆ ಬರ್ ಅನ್ನುತ್ತಾರೆ. ಅವು ಪಿಂಗಾಣಿಯವಾಗದೆ ಗಟ್ಟಿ ಉಕ್ಕಿನವಾಗಿರಬೇಕು. ನಡುವಿನ ಕಡ್ಡಿಯನ್ನು ಮೇಲೆ, ಕೆಳಗೆ ಎರಡೂ ಕಡೆ ಬೇರಿಂಗ್ ಹಿಡಿದಿರಬೇಕು. ಇಲ್ಲದಿದ್ದರೆ ತಿರುಗಿಸುವಾಗ ಓಲಾಡಿ ಪುಡಿ ಏರುಪೇರಾಗುತ್ತದೆ. ನುಣುಪು ಎಷ್ಟು ಬೇಕೆಂದು ತಿರುಗಿಸಿ ನಿಲ್ಲಿಸುವಾಗ ಟಕ್ ಟಕ್ ಎಂದು ಕೈಗೆ ತಿಳಿಯಬೇಕು. ಆಗ ನನ್ನ ಕಾಫಿಗೂ ಉಮೇಶ್ ಅವರ ಫಿಲ್ಟರ್ ಕಾಫಿಗೂ ಒಂದೇ ಮಿಷನ್ ಆಗುತ್ತದೆ. ಬೆಲೆ ಜಾಸ್ತಿ. ಬೇಡ ಅನ್ನಿಸಿದರೆ ಬೇಡ ಅನ್ನು, ನನಗೆ ಬೇಸರವಿಲ್ಲ.

ಇನ್ನೊಂದು. ಲಾಸ್ಯಳಿಗೆ ಕಿವಿ ಚುಚ್ಚಿಸಬೇಕು. ಮೇ ಎರಡು, ಶುಕ್ರವಾರ, ಕುರುಡುಮಲೆ ಗಣಪನ ಸನ್ನಿಧಿಯಲ್ಲಿ. ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ನನಗೆ ಅಣ್ಣತಮ್ಮಂದಿರಿಲ್ಲ. ನನಗೂ ನೀನೇ ಮಾಮ, ಅವಳಿಗೂ ನೀನೇ. ನಿನ್ನ ತೊಡೆ ಬಿಟ್ಟರೆ ಬೇರೆ ತೊಡೆ ಇಲ್ಲ.

ನಿನ್ನ
ಮೌನಿ

—

ಗೌನಿಪಲ್ಲಿ
24 ಫೆಬ್ರವರಿ 2025

ಮೌನಿ ತಾಯಿ,

ಗೆದ್ದೆ! ಇಡೀ ಜಿಲ್ಲೆಯಲ್ಲಿ ಇಂಥ ಮಿಷನ್ ಇನ್ನೊಬ್ಬರ ಮನೆಯಲ್ಲಿ ಇದ್ದರೆ ಮೀಸೆ ಬೋಳಿಸುತ್ತೇನೆ.

ಶ್ರೀನಿವಾಸಪುರದಲ್ಲಿ ರಹಮತ್ತುಲ್ಲಾ ಸಾಹೇಬರ ಮಗ ಇಮ್ರಾನ್ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಅವನ ಮುಂದೆ ಕೂತೆ. ಅವನು ಫೋನಿನಲ್ಲಿ ಒಂದೊಂದೇ ತೋರಿಸಿದ.

‘ಚಾಚಾ, ಇದು ನೋಡಿ, ಮರದ ಹಿಡಿ. ಏನ್ ಪಾಲಿಶು!’

‘ಲೇ, ನಾನೇನು ಇದನ್ನ ಮದುವೆ ಮಾಡ್ಕೊಬೇಕಾ? ಹೊಟ್ಟೆ ಒಳಗೆ ಏನೈತೆ ತೋರಿಸೋ.’

‘ಫೋನಲ್ಲಿ ಹೊಟ್ಟೆ ಬಿಚ್ಚಕ್ಕೆ ಆಗಲ್ಲ ಚಾಚಾ.’

‘ಹಂಗಾದ್ರೆ ತರಿಸು. ಬಿಚ್ಚೋದು ನಾನು.’

ಮೊದಲು ಬಂದದ್ದು ನೋಡಲು ಜಂಭ. ಹಿಡಿ ಹಿಡಿದು ಅಲ್ಲಾಡಿಸಿದರೆ ನಡುವಿನ ಕಡ್ಡಿ ಹೆಂಡ ಕುಡಿದವನ ಕಾಲಿನಂತೆ ಓಲಾಡುತ್ತದೆ. ವಾಪಸು ತಗೊಳ್ಳಲು ಬಂದ ಹುಡುಗ ಕಾರಣ ಕೇಳಿದ. ಬೇರಿಂಗು ಗೀರಿಂಗು ಎಂದರೆ ಅವನಿಗೇನು ತಿಳಿಯುತ್ತದೆ? ‘ಒಳಗೆ ಇರುವೆ ಐತೆ ನೋಡಪ್ಪ’ ಎಂದೆ. ನಿಜವಾಗಿಯೂ ಇತ್ತು. ಬೆಲ್ಲ ಸವರಿ ನಾನೇ ಬಿಟ್ಟಿದ್ದೆ. ಇಮ್ರಾನ್ ಅಂಗಡಿಯ ಹಿಂದೆ ಹೋಗಿ ನಕ್ಕು ನಕ್ಕು ಕೆಮ್ಮಿದ.

ಎರಡನೆಯದು ಬಂತು. ಕಪ್ಪು ಮೈ, ಉದ್ದ ಹಿಡಿ. ಒಳಗಿನ ಉಕ್ಕು ನೋಡಿದರೆ ನಮ್ಮೂರ ಮಚ್ಚು ನಾಚಬೇಕು. ಅಲ್ಲಾಡಿಸಿದೆ, ಅಲ್ಲಾಡಲಿಲ್ಲ. ಕೈ ಬಿಟ್ಟು ಹಿಡಿಯನ್ನು ಒಮ್ಮೆ ತಳ್ಳಿದೆ, ತಾನೇ ತಿರುಗುತ್ತ ಹೋಯಿತು. ತಿರುಪಿದರೆ ನೀನು ಹೇಳಿದ ಹಾಗೆಯೇ ಟಕ್ ಟಕ್. ಇದೇ ಎಂದೆ. ಬೆಲೆ ಕೇಳಬೇಡ. ಮಾಮನ ಉಡುಗೊರೆಯ ಬೆಲೆ ಕೇಳುವ ವಂಶವಲ್ಲ ನಮ್ಮದು.

ಮನೆಗೆ ತಂದು ಅಮ್ಮನ ಮಿಷನ್ ಪಕ್ಕದಲ್ಲೇ ಇಟ್ಟು ಎರಡರಲ್ಲೂ ಅರೆದು ನೋಡಿದೆ. ಅಮ್ಮನದೇ ಒಂದು ಕೂದಲೆಳೆ ಮೇಲು. ಈ ಸಾಲನ್ನು ನಿನ್ನ ಅತ್ತೆ ವೆಂಕಟರತ್ನಮ್ಮನಿಗೆ ಓದಿ ಹೇಳಿದೆ. ಅವಳು ಎದ್ದು ಒಳಗೆ ಹೋದಳು. ಕಾಫಿ ವಿಷಯ ಅವಳಿಗೆ ತಿಳಿಯದು ಬಿಡು.

ಹಾಲಿಲ್ಲದ ಕಾಫಿ ಸೂತಕದ ಮನೆಯವರು ಕುಡಿಯುವುದು ಎಂದುಕೊಂಡಿದ್ದೆ. ನಿನ್ನ ಶೋಕಿ, ನಿನ್ನಿಷ್ಟ. ಕುರುಡುಮಲೆಗೆ ನಾನು ಬಾರದಿದ್ದರೆ ಗಣಪನೇ ಎದ್ದು ಹೋದಾನು. ತೊಡೆ ತಯಾರಿದೆ.

ಪಾರ್ಸೆಲ್ಲನ್ನು ಮಾಲೂರಿನ ಬಸ್ಸಿನಲ್ಲಿ ಕಳಿಸಿದ್ದೇನೆ.

ಮಾಮ

—

ಮಾಲೂರು
9 ಮಾರ್ಚ್ 2025

ನನ್ನ ಮಾಮ,

ಬಂತು. ಎಷ್ಟು ಚೆನ್ನಾಗಿದೆ ಎಂದು ಬರೆಯಲು ಬರುತ್ತಿಲ್ಲ. ಬೆಳಿಗ್ಗೆ ನೆಲದ ಮೇಲೆ ಕೂತು, ಮೊಣಕಾಲುಗಳ ನಡುವೆ ಇಟ್ಟುಕೊಂಡು ತಿರುಗಿಸುತ್ತೇನೆ. ಮೊದಲು ಬೀಜ ಒಡೆಯುವ ಸದ್ದು, ಆಮೇಲೆ ಮಳಲು ಸುರಿದಂಥ ಸದ್ದು, ಕೊನೆಗೆ ಹಿಡಿ ಹಗುರಾಗುತ್ತದೆ. ಲಾಸ್ಯ ಆ ಹಗುರಾಗುವ ಗಳಿಗೆಗೆ ಕಾದಿದ್ದು ಚಪ್ಪಾಳೆ ತಟ್ಟುತ್ತಾಳೆ. ಕೆಳಗಿನ ಬಟ್ಟಲು ಬಿಚ್ಚಿದರೆ ಪುಡಿ ಸಣ್ಣ ರವೆಯ ಹಾಗೆ ಒಂದೇ ಸಮ. ನಿಶಾತ್ ಬೆರಳಲ್ಲಿ ತಿಕ್ಕಿ ನೋಡಿ, ‘ಯಾರೇ ಇದನ್ನ ಆರಿಸಿದ್ದು?’ ಅಂದಳು. ‘ನಮ್ಮ ಮಾಮ’ ಅಂದೆ. ಇರುವೆಯ ಕಥೆಯನ್ನೂ ಹೇಳಿದೆ.

ಯುಗಾದಿ ಆದ ಮೇಲೆ ಬಾ. ನಿಶಾತ್ ಊರಿಗೆ ಹೋದಾಗ ತೋಟದಿಂದ ಒಂದು ಪೊಟ್ಟಣ ಒಳ್ಳೆಯ ಬೀಜ ತಂದುಕೊಟ್ಟಿದ್ದಾಳೆ. ಉಮೇಶ್ ಕೇಳಿದರು, ಕೊಡಲಿಲ್ಲ. ನೀನು ಬಂದ ದಿನ ಒಡೆಯುತ್ತೇನೆ.

ಒಂದು ಆಸೆ. ಅಜ್ಜಿಯ ಮಿಷನ್ನಿನ ಫೋಟೋ ಒಂದು ತೆಗೆಸಿ ತರುತ್ತೀಯಾ? ಫ್ರೇಮ್ ಹಾಕಿಸಿ ಹೊಸದರ ಮೇಲೆ ಗೋಡೆಗೆ ತೂಗುಹಾಕುತ್ತೇನೆ.

ಮೌನಿ

—

ಗೌನಿಪಲ್ಲಿ
4 ಏಪ್ರಿಲ್ 2025

ಮೌನಿಕಾ,

ನಿನ್ನ ಮನೆಯಿಂದ ಬಂದು ಎರಡು ದಿನ ಯಾರ ಹತ್ತಿರವೂ ಮಾತಾಡಿಲ್ಲ. ನಾನು ಎರಡು ದಿನ ಸುಮ್ಮನಿದ್ದೆ ಎಂದರೆ ಊರವರು ಜ್ವರವೇ ಎಂದು ವಿಚಾರಿಸಿ ಹೋದರು.

ಬಿಸಿಲಲ್ಲಿ ಬಸ್ಸು ಬದಲಿಸಿ ಬಂದೆ. ನೀನು ನಗುನಗುತ್ತ ನನ್ನನ್ನು ಅಡುಗೆಮನೆಯಲ್ಲೇ ಸ್ಟೂಲ್ ಹಾಕಿ ಕೂರಿಸಿದೆ, ‘ಇಲ್ಲೇ ಕೂತು ನೋಡು ಮಾಮ’ ಅಂದೆ. ನೋಡಿದೆ. ನನ್ನ ಕಣ್ಣೆದುರಿಗೇ ಮಾಡಿದೆಯಲ್ಲ, ಅದೇ ನನಗೆ ಸಹಿಸಲಾಗುತ್ತಿಲ್ಲ. ನಾನು ಕೊಟ್ಟ ಮಿಷನ್ನಿನಲ್ಲಿ ಅರೆದೆ. ಸೋಸುವ ಕಾಗದದ ಶಂಕುವಿಗೆ ಪುಡಿ ಹಾಕಿದೆ. ಒಂದು ಸಲ ಬಿಸಿನೀರು ಹಾಕಿ ಬಿಟ್ಟೆ. ಪುಡಿ ಉಬ್ಬಿತು, ಇಳಿಯಿತು. ಆಮೇಲೆ ಅದೇ ಪುಡಿಗೆ ಎರಡನೇ ಸಲ ನೀರು ಹಾಕಿದೆ. ನನಗೇನು ಕಣ್ಣು ಕಾಣುವುದಿಲ್ಲವಾ? ಆ ಎರಡನೆಯ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ನನಗೆ ಕೊಟ್ಟೆ. ಹಾಲಿಲ್ಲದ್ದು ನಿನ್ನ ಶೋಕಿ, ಒಪ್ಪಿದೆ. ಆದರೆ ಆ ಬಣ್ಣ? ಆ ಕಡೆಯ ಗೋಡೆ ಕಾಣುವಷ್ಟು ತೆಳು. ಪಕ್ಕದಲ್ಲಿ ಉಮೇಶನ ಲೋಟದಲ್ಲಿ ಫಿಲ್ಟರಿನ ಗಟ್ಟಿ ಕಾಫಿ ನೊರೆ ಉಕ್ಕುತ್ತಿತ್ತು.

ಅಷ್ಟು ಸಾಲದು ಎಂದು ನನ್ನ ಮುಖ ನೋಡುತ್ತ, ‘ಅಜ್ಜಿ ಮಿಷನ್ ಹೆಂಗಿದೆ ಮಾಮ, ಫೋಟೋ ತಂದ್ಯಾ?’ ಎಂದು ಕೇಳಿದೆ.

ಆಗಲೇ ತಿಳಿಯಿತು, ನಿನಗೆ ಗೊತ್ತಾಗಿದೆ ಎಂದು. ಯಾರು ಹೇಳಿದರು? ನಿನ್ನ ಅತ್ತೆಯೇ ಹೇಳಿರಬೇಕು. ಗೊತ್ತಿದ್ದರೆ ಬೈಯಬೇಕಿತ್ತು. ‘ಮಾಮ, ನೀನು ಮೋಸಗಾರ’ ಎಂದು ಅಂಗಳದಲ್ಲಿ ನಿಲ್ಲಿಸಿ ಕೂಗಬೇಕಿತ್ತು. ಅದು ಬಿಟ್ಟು ಮನೆಗೆ ಕರೆದು, ಕೂಲಿಯವರಿಗೆ ಕೊಡುವುದನ್ನು ಕೈಗೆ ಕೊಟ್ಟು ನಗುತ್ತ ನಿಂತೆ. ಅರ್ಧ ಕುಡಿದು ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಹೌದಮ್ಮ, ಅಮ್ಮನ ಮಿಷನ್ ಮನೆಯಲ್ಲಿಲ್ಲ. ದಸರಾ ಆದ ಮೇಲೆ ಚಂದ್ರಮೋಹನ್ ಎಂಬುವನು ಬಂದಿದ್ದ. ಮುಳಬಾಗಿಲಿನ ಹತ್ತಿರ ಹೈವೇ ಪಕ್ಕ ಹೊಸ ಹೋಟೆಲ್ ಕಟ್ಟಿಸುತ್ತಿದ್ದವನು. ನಮ್ಮ ಜಗಲಿಯಲ್ಲಿ ಕಾಫಿ ಕುಡಿದು, ‘ಯಜಮಾನ್ರೇ, ಈ ಮಿಷನ್ ಕತೆ ಹೇಳಿ’ ಅಂದ. ಹೇಳಿದೆ. ಅಮ್ಮ ಇದನ್ನು ತವರಿನಿಂದ ತಲೆಯ ಮೇಲೆ ಹೊತ್ತು ತಂದದ್ದು, ಇದರಲ್ಲಿ ಅರೆದ ಕಾಫಿಗೆ ಯಾರ್‍ಯಾರು ಸಾಲು ನಿಂತದ್ದು, ಎಲ್ಲ. ಅವನು ನನ್ನ ಕೈ ಹಿಡಿದು, ‘ಹೋಟೆಲ್ ಬಾಗಿಲಲ್ಲೇ ಗಾಜಿನ ಪೆಟ್ಟಿಗೇಲಿ ಇಡ್ತೀನಿ, ಕೆಳಗೆ ನಿಮ್ಮ ಹೆಸರು, ಫೋಟೋ, ಕತೆ. ದಾರೀಲಿ ಹೋಗೋರೆಲ್ಲ ಓದಬೇಕು’ ಅಂದ. ಒಂದು ಪೈಸೆ ಮುಟ್ಟಲಿಲ್ಲ ನಾನು. ಹೆಸರಿಗೆ ಕೊಟ್ಟೆ. ಅಮ್ಮನ ಮಿಷನ್ ನಮ್ಮ ಹೊಗೆ ಹಿಡಿದ ಅಡುಗೆಮನೆಯಲ್ಲಿದ್ದರೆ ಯಾರು ನೋಡುತ್ತಾರೆ? ಸಂಕ್ರಾಂತಿಗೆ ಹೋಟೆಲ್ ಶುರುವಾಗಿದೆ. ಕಾರು ಕಳಿಸಿ ಕರೆಸಿಕೊಳ್ಳುತ್ತೇನೆ ಎಂದಿದ್ದಾನೆ, ಅದಕ್ಕೇ ಇನ್ನೂ ಹೋಗಿಲ್ಲ.

ನೀನು ಕೇಳುವ ಮೊದಲೇ ಕೊಟ್ಟಾಗಿತ್ತು. ಗೇಟಿನ ಹತ್ತಿರ ಹೇಗೆ ಹೇಳಲಿ? ಅದಕ್ಕೇ ಹೊಸದು ಹುಡುಕಿ, ಇರುವೆ ಬಿಟ್ಟು, ಪಾಡುಪಟ್ಟು ತಂದುಕೊಟ್ಟೆ. ಅದರಲ್ಲೇ ಅರೆದು ನನಗೆ ಎರಡನೇ ಡಿಕಾಕ್ಷನ್ ಕುಡಿಸಿದೆಯಲ್ಲ, ನಿನ್ನನ್ನು ಎತ್ತಿ ಆಡಿಸಿದ ನನಗೆ!

ಕುರುಡುಮಲೆಗೆ ನಾನು ಬರುವುದಿಲ್ಲ. ತೊಡೆ ಬೇರೆ ಹುಡುಕಿಕೊ.

ಗಂಗುಲಪ್ಪ

—

ಮಾಲೂರು
11 ಏಪ್ರಿಲ್ 2025

ಮಾಮನವರಿಗೆ,

ನನಗೆ ಯಾರೂ ಏನೂ ಹೇಳಿರಲಿಲ್ಲ. ಅತ್ತೆಯೂ ಹೇಳಿಲ್ಲ. ಮಿಷನ್ ಮನೆಯಲ್ಲಿಲ್ಲ ಎಂಬುದು ನಿಮ್ಮ ಈ ಕಾಗದ ಓದಿಯೇ ನನಗೆ ತಿಳಿದದ್ದು.

ನಾನು ಕೊಟ್ಟದ್ದು ಮೊದಲನೆಯದೇ. ಈ ಕಾಫಿಗೆ ಮೊದಲು ಪುಡಿ ನೆನೆಯುವಷ್ಟು ನೀರು ಹಾಕಿ ಕಾಯುತ್ತಾರೆ. ಪುಡಿ ಉಬ್ಬಿ ಉಸಿರು ಬಿಟ್ಟ ಮೇಲೆ ಉಳಿದ ನೀರು ಹಾಕುತ್ತಾರೆ. ಎರಡೂ ಸೇರಿ ಒಂದೇ ಕಾಫಿ. ಅದರ ಬಣ್ಣವೇ ಅಷ್ಟು. ನೀವು ಬರುತ್ತೀರೆಂದು ಎತ್ತಿಟ್ಟಿದ್ದ ಪೊಟ್ಟಣವನ್ನು ಆ ದಿನವೇ ಒಡೆದದ್ದು. ನೀವು ಬಿಟ್ಟುಹೋದ ಅರ್ಧ ಲೋಟವನ್ನು ಚೆಲ್ಲಲು ಮನಸ್ಸಾಗದೆ ನಾನೇ ಕುಡಿದೆ. ತಣ್ಣಗಾಗಿದ್ದರೂ ಚೆನ್ನಾಗಿತ್ತು. ಮಾಮನಿಗೆ ಹೊಸ ರುಚಿ ಹಿಡಿಸಲಿಲ್ಲ ಎಂದಷ್ಟೇ ಅಂದುಕೊಂಡೆ.

ಮಿಷನ್ ಹೇಗಿದೆ ಎಂದು ಕೇಳಿದ್ದು ಚುಚ್ಚಲು ಅಲ್ಲ. ಫೋಟೋ ಬೇಕಿತ್ತು, ಕೇಳಿದೆ.

ಒಳಗೆ ಅತ್ತೆ ತಿರುಗಿಸುತ್ತಿದ್ದಾಳೆ, ಕರಕರ ಸದ್ದು ಕಾಗದದ ತನಕ ಬರುತ್ತಿದೆ ಎಂದು ಜನವರಿಯಲ್ಲಿ ಬರೆದಿದ್ದಿರಿ. ಆ ಸಾಲು ಓದಿ ನನಗೂ ಕೇಳಿಸಿತ್ತು. ಅದನ್ನು ಕೇಳಿಕೊಂಡೇ ಈ ಒಂದೂವರೆ ತಿಂಗಳು ಹೊಸದನ್ನು ತಿರುಗಿಸಿದ್ದೇನೆ.

ನಿನ್ನೆ ಉಮೇಶ್ ರಜ ಹಾಕಿದರು. ಮುಳಬಾಗಿಲಿನ ಆ ಹೋಟೆಲಿಗೆ ಹೋಗಿ ನೋಡಿ ಬಂದೆವು. ನಾನು ಏನೂ ಹೇಳುವುದಿಲ್ಲ. ನೀವೇ ಹೋಗಿ. ಕಾರಿಗೆ ಕಾಯಬೇಡಿ. ಬೋರ್ಡನ್ನು ಪೂರ್ತಿ ಓದಿ.

ಮೌನಿಕಾ

—

ಗೌನಿಪಲ್ಲಿ
17 ಏಪ್ರಿಲ್ 2025

ಮೌನಿ,

‘ನೀವು’ ಎಂದು ಬರೆದಿದ್ದೀಯ. ಓದಿದಾಗ ಬೇರೆ ಯಾರಿಗೋ ಬಂದ ಕಾಗದ ಎಂದುಕೊಂಡೆ.

ಹೋಗಿದ್ದೆ. ಬಿಳಿ ಶರ್ಟು ಇಸ್ತ್ರಿ ಮಾಡಿಸಿಕೊಂಡು ಹೋಗಿದ್ದೆ, ಹೆಸರಿನ ಬೋರ್ಡಿನ ಪಕ್ಕದಲ್ಲಿ ಜನ ನಿಲ್ಲಿಸಿ ಫೋಟೋ ತೆಗೆಯುತ್ತಾರೇನೋ ಎಂದು. ಬಸ್ಸಿನಲ್ಲಿ ಪಕ್ಕದವನಿಗೂ ಹೇಳಿದ್ದೆ. ಅವನೂ ನೋಡುತ್ತೇನೆ ಎಂದು ನನ್ನ ಜೊತೆಯಲ್ಲೇ ಇಳಿದ. ಅದು ಬೇರೆ.

ಗಾಜಿನ ಪೆಟ್ಟಿಗೆ ಇಲ್ಲ. ಕೈ ತೊಳೆಯುವ ಜಾಗದ ಮೇಲಿನ ಗೋಡೆಗೆ ಬೋಲ್ಟು ಹಾಕಿ ಹೊಡೆದಿದ್ದಾರೆ. ಮೈಗೆಲ್ಲ ಚಿನ್ನದ ಬಣ್ಣ ಬಳಿದಿದ್ದಾರೆ. ಹಿಡಿ ಹಿಡಿದು ತಿರುಗಿಸಿದೆ, ತಿರುಗಲಿಲ್ಲ. ಮಕ್ಕಳು ಆಟ ಆಡುತ್ತಾರೆಂದು ಬೆಸುಗೆ ಹಾಕಿಸಿದ್ದಾರಂತೆ. ಕೆಳಗೆ ಬೋರ್ಡು. ನಾನು ಜಗಲಿಯಲ್ಲಿ ಹೇಳಿದ ಮಾತುಗಳೇ, ಒಂದಕ್ಷರ ಆಚೀಚೆ ಇಲ್ಲ. ತವರಿನಿಂದ ತಲೆಯ ಮೇಲೆ ಹೊತ್ತು ತಂದದ್ದು, ಜನ ಸಾಲು ನಿಂತದ್ದು. ಆದರೆ ಹೊತ್ತು ತಂದವರು ಚಂದ್ರಮೋಹನನ ಅಜ್ಜಿ. ಕಾಫಿ ಮಾಡಿದವನು ಚಂದ್ರಮೋಹನನ ತಾತ. ಫೋಟೋದಲ್ಲಿ ಯಾರೋ ಪೇಟ ಸುತ್ತಿದ ಮುದುಕ.

ಬಸ್ಸಿನವನು ಓದಿ, ‘ನಿಮ್ಮ ಹೆಸರು ಎಲ್ಲೈತೆ ಸ್ವಾಮಿ?’ ಅಂದ. ನಾನು ಕೈ ತೊಳೆದುಕೊಂಡೆ.

ಚಂದ್ರಮೋಹನ್ ಗಲ್ಲಾದಲ್ಲಿದ್ದ. ಎದ್ದು ಬಂದು, ‘ಓ, ಯಜಮಾನ್ರು! ಲೇ, ಇವರಿಗೆ ಒಂದು ಕಾಫಿ ಕೊಡ್ರೋ’ ಅಂದ.

‘ಕಾಫಿ ಹಾಳಾಗ್ಲಿ. ಏನಯ್ಯಾ ಇದು? ನಮ್ಮಮ್ಮನ ತಲೆ ಮೇಲಿನ ಭಾರ ನಿಮ್ಮಜ್ಜಿ ತಲೆಗೆ ಯಾವಾಗ ಬಂತು?’

‘ಅಯ್ಯೋ, ಹೋಟೆಲ್ ಅಂದ್ಮೇಲೆ ಮನೆತನದ ಕತೆ ಬೇಕಾಗ್ತೈತೆ ಯಜಮಾನ್ರೇ. ಜನ ನಮ್ಮ ತಾತನ್ನ ನಂಬಿದ್ರೆ ತಾನೇ ನಮ್ಮ ಕಾಫಿ ಕುಡಿಯೋದು?’

‘ಬಿಚ್ಚಿ ಕೊಡು. ನಮ್ಮ ಹುಡುಗೀಗೆ ಬೇಕಂತೆ. ಅವಳ ಅಜ್ಜಿದು.’

ಅವನು ನಗಲಿಲ್ಲ, ಬೈಯಲೂ ಇಲ್ಲ. ಸುತ್ತ ಊಟಕ್ಕೆ ಕೂತಿದ್ದವರಿಗೆ ಕೇಳಿಸುವ ಹಾಗೆ ಹೇಳಿದ: ‘ಅಜ್ಜಿದು ಅಂದ್ರೆ ಯಾರಾದ್ರೂ ದಾರೀಲಿ ಹೋಗೋನಿಗೆ ಕೊಟ್ಬಿಡ್ತಾರಾ ಯಜಮಾನ್ರೇ? ನೀವೇ ಹೇಳಿ.’

ಅರವತ್ತೆಂಟು ವರ್ಷ ಮಾತಿನಲ್ಲೇ ಬದುಕಿದವನು ನಾನು. ಅಲ್ಲಿ ಆ ಬೋರ್ಡನ್ನೇ ಮತ್ತೊಮ್ಮೆ ಓದಿದೆ. ಅವನು ಕೊಡಿಸಿದ ಕಾಫಿ ಮೇಜಿನ ಮೇಲೆ ತಣ್ಣಗಾಯಿತು. ಮೋಸ ಹೋದೆ ಮೌನಿ. ಅವನು ಮಿಷನ್ ಒಂದನ್ನೇ ತಗೊಂಡಿದ್ದರೆ ತಡೆದುಕೊಳ್ಳುತ್ತಿದ್ದೆ, ಅಮ್ಮನನ್ನೂ ತಗೊಂಡುಬಿಟ್ಟ.

ಮನೆಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂತು ನಿನ್ನ ಅತ್ತೆಗೆ ಹೇಳಿದೆ. ಅವಳು ಅಂಗಡಿ ಪುಡಿಯ ಪ್ಯಾಕೆಟ್ ಕತ್ತರಿಸುತ್ತಿದ್ದಳು. ತಲೆ ಎತ್ತದೆ, ‘ಮೌನೀನೂ ಹೀಗೇ ಕೂತಿರ್ತಾಳೆ ಈಗ’ ಅಂದಳು. ಅಷ್ಟೇ.

ಕುರುಡುಮಲೆಗೆ ಬೇರೆ ತೊಡೆ ಸಿಕ್ಕಿತಾ?

ಮಾಮ

—

ಮಾಲೂರು
23 ಏಪ್ರಿಲ್ 2025

ಮಾಮನವರಿಗೆ,

ಬೇರೆ ತೊಡೆ ಹುಡುಕಿಲ್ಲ. ಮೇ ಎರಡಕ್ಕೆ ಬೆಳಿಗ್ಗೆ ನೇರ ಕುರುಡುಮಲೆಗೆ ಬನ್ನಿ. ಅತ್ತೆಯನ್ನೂ ಕರೆದುಕೊಂಡು ಬನ್ನಿ. ಮಗುವಿಗೆ ಏನೂ ತರಬೇಡಿ.

ಕಾಫಿ ನಾನೇ ಫ್ಲಾಸ್ಕಿನಲ್ಲಿ ತರುತ್ತೇನೆ. ಕೊಟ್ಟದ್ದನ್ನು ಕುಡಿಯಿರಿ. ಯಾವುದು ಎಂದು ಕೇಳಬೇಡಿ.

ಮೌನಿಕಾ

—

ಗೌನಿಪಲ್ಲಿ
5 ಮೇ 2025

ಮೌನಿ,

ಲಾಸ್ಯಳ ಕಿವಿ ಹೇಗಿದೆ? ಕೊಬ್ಬರಿ ಎಣ್ಣೆ ಸವರುತ್ತಿರು, ಕೀವು ಕಟ್ಟಬಾರದು. ಅಕ್ಕಸಾಲಿ ಚುಚ್ಚಿದಾಗ ಅವಳು ಕಿರುಚಿದ್ದಕ್ಕೆ ಅಷ್ಟೆತ್ತರದ ಗಣಪನೂ ಬೆಚ್ಚಿರಬೇಕು. ನನ್ನ ಹೆಬ್ಬೆರಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಅವಳ ಉಗುರಿನ ಗುರುತು ಇನ್ನೂ ಇದೆ. ನಿನ್ನ ಕಿವಿ ಚುಚ್ಚಿದಾಗಲೂ ಹೀಗೇ ಹಿಡಿದಿದ್ದೆ. ಪಂಚೆ ಒದ್ದೆ ಮಾಡಿದ್ದರಲ್ಲೂ ತಾಯಿಯ ಹಾಗೆಯೇ.

ಆಮೇಲೆ ಮಂಟಪದ ನೆರಳಿನಲ್ಲಿ ನೀನು ಎರಡು ಫ್ಲಾಸ್ಕು ತೆಗೆದೆ. ದೊಡ್ಡದರಿಂದ ಪೂಜಾರಿಗೆ, ಅಕ್ಕಸಾಲಿಗೆ, ಉಮೇಶನ ಮನೆಯವರಿಗೆ, ನಿನ್ನ ಅತ್ತೆಗೆ ಬಗ್ಗಿಸಿದೆ. ಚಿಕ್ಕದರಿಂದ ನನಗೊಬ್ಬನಿಗೆ. ಎರಡರಲ್ಲೂ ಹಾಲು ಹಾಕಿದ ಕಾಫಿಯೇ. ಅತ್ತೆಯದು ಹುರಿದ ಹುಣಸೆಬೀಜದ ಬಣ್ಣ. ನನ್ನದು ಅಕ್ಕಿ ತೊಳೆದ ನೀರಿಗೆ ಕೆಮ್ಮಣ್ಣು ಕದಡಿದ ಹಾಗೆ. ಈ ಸಲ ಕಾಗದದ ಶಂಕು ಇರಲಿಲ್ಲ, ಹೊಸ ಶೋಕಿ ಇರಲಿಲ್ಲ. ನಮ್ಮ ಫಿಲ್ಟರಿನದೇ. ಕಾಫಿ ವಿಷಯದಲ್ಲಿ ನನ್ನ ನಾಲಿಗೆಗೆ ಯಾರೂ ಸುಳ್ಳು ಹೇಳಲಾಗದು, ಅದು ನಿನಗೂ ಗೊತ್ತು.

ಯಾವುದು ಎಂದು ನಾನು ಕೇಳಲಿಲ್ಲ. ತಳದವರೆಗೂ ಕುಡಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ನಿನ್ನ ಅತ್ತೆ, ‘ಅಬ್ಬಾ, ಎಂಥಾ ಕಾಫಿ! ಆ ಮಿಷನ್ ಚೆನ್ನಾಗೇ ಆರಿಸಿದ್ದೀರ ಬಿಡಿ’ ಅಂದಳು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಮುಳಬಾಗಿಲು ದಾಟುವಾಗ ಆ ಹೋಟೆಲ್ ಕಂಡಿತು. ಬಾಗಿಲ ತುಂಬ ಕಾರುಗಳಿದ್ದವು.

ಒಂದು ಮಾತು ಬರೆಯಬೇಕು ಎಂದೇ ಈ ಕಾಗದ ಹಿಡಿದೆ. ಕಾಫಿ ಕುಡಿದ ಮೇಲೆ ನಾನು ಎದ್ದು ನಲ್ಲಿಯ ಹತ್ತಿರ ಹೋದೆನಲ್ಲ. ಲೋಟ ತೊಳೆದೆ. ತಂದು ಕಲ್ಲುಕಟ್ಟೆಯ ಮೇಲೆ ಬೋರಲು ಹಾಕಿದೆ. ತಿರುಗಿದರೆ ನೀನು ಮಗುವನ್ನು ಎತ್ತಿಕೊಂಡು ನನ್ನನ್ನೇ ನೋಡುತ್ತ ನಿಂತಿದ್ದೆ.

ಓಡಿ ಬಂದು ನನ್ನ ಕೈ ಹಿಡಿದು ‘ಲೋಟ ಅಲ್ಲೇ ಇಡು ಮಾಮ’ ಅನ್ನುತ್ತೀಯೇನೋ ಎಂದು ಒಂದು ಗಳಿಗೆ ಅಲ್ಲೇ ನಿಂತೆ. ನೀನು ಬರಲಿಲ್ಲ.

ಮಾಮ